ಕಂಪ್ಯೂಟರಿಗೆ ಹೊದೆಸಿದ ಅಮ್ಮನ ಸೀರೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಬರೆಯಲು ಕಲಿತದ್ದು ಮೀಸೆ ಬಂದ ಮೇಲೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ಕಾಲದಲ್ಲಿ ಮನೆಮಂದಿಗೆಲ್ಲ ಸೇರಿ ಒಂದೇ ಕಂಪ್ಯೂಟರ್. ನಾವಿದ್ದದ್ದು ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಿನಲ್ಲಿ. ಅಪ್ಪ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಯಾರೋ ಕೊಟ್ಟ ಹಳೆಯ ಕಂಪ್ಯೂಟರನ್ನು ಅವರು ತಂದ ದಿನ ಅಮ್ಮ ಕುಂಕುಮ ಇಟ್ಟು, ಊದುಕಡ್ಡಿ ಹಚ್ಚಿ ಒಳಗೆ ಕರೆದುಕೊಂಡಿದ್ದಳು.

ಆ ಚಳಿಗಾಲದಲ್ಲಿ ಉಡುಪಿಯಲ್ಲಿ ಚಿಕ್ಕಿಯ ಮದುವೆ. ಅಮ್ಮ ಸೊಂಟದ ಮೇಲೆ ಹೊತ್ತು ಬೆಳೆಸಿದ ತಂಗಿ. ಜರ್ಮನಿಗೆ ವಾಪಸು ಬರಲು ಬೇಕಾದ ವೀಸಾದ ಕಾಗದ ಆಫೀಸಿನಿಂದ ಬರಲಿಲ್ಲ, ನಾವು ಹೋಗುವಂತಿರಲಿಲ್ಲ. ಧಾರೆಯನ್ನು ನೆಟ್‌ನಲ್ಲಿ ಲೈವ್ ತೋರಿಸುತ್ತಾರಂತೆ ಎಂದು ತಿಳಿದ ಮೇಲೆಯೇ ಅಮ್ಮ ಕಣ್ಣೊರೆಸಿಕೊಂಡದ್ದು.

ಹಿಂದಿನ ದಿನ ಪರೀಕ್ಷೆಗೆಂದು ಮೆಹಂದಿಯ ವಿಡಿಯೋ ಹಾಕಿದೆವು. ಚಿಕ್ಕಿ ಕೈ ಎತ್ತಿದಳು, ಕೈ ಅಲ್ಲೇ ನಿಂತಿತು. ಹಾಡು ಮಾತ್ರ ಮುಂದೆ ಹೋಯಿತು. ಆಮೇಲೆ ಕಪ್ಪೆಯ ಹಾಗೆ ಒಂದು ನೆಗೆತ, ಮತ್ತೆ ನಿಲುಗಡೆ.

"ಇವ ಗೇಮ್ ಹಾಕಿ ಹಾಕಿಯೇ ಹೀಗಾದ್ದು," ಅಂದರು ಅಪ್ಪ.

"ನಾನೆಂತ ಮಾಡಿದ್ದು?" ನಾನು ಅಳುಮುಖ ಮಾಡಿದೆ.

ಮೇಲಿನ ಮನೆಯ ಮೈಸೂರಿನ ಮಹೇಶಣ್ಣ ಬಂದರು. ತೆರೆದಿದ್ದದ್ದನ್ನೆಲ್ಲ ಮುಚ್ಚಿದರು, ಚಿತ್ರದ ಕ್ವಾಲಿಟಿ ಇಳಿಸಿದರು, ಇಂಟರ್‌ನೆಟ್ಟಿಗೆ ವೈರ್ ಎಳೆದರು. ಹತ್ತು ನಿಮಿಷ ಚೆನ್ನಾಗಿ ಓಡಿತು. ಅಮ್ಮ ಕಾಫಿ ತರುವಷ್ಟರಲ್ಲಿ ಮತ್ತೆ ನಿಂತಿತು. ವೈರ್ ನೋಡಲು ಬಗ್ಗಿದ ಮಹೇಶಣ್ಣ ಕಂಪ್ಯೂಟರಿನ ಡಬ್ಬದ ಮೇಲೆ ಕೈಯಿಟ್ಟು ಹೌಹಾರಿದರು.

"ಅಯ್ಯಯ್ಯೋ! ಅಕ್ಕಾ, ಇದ್ರ ಮೇಲೆ ದೋಸೆ ಹುಯ್ಬೋದು! ಯಾರು ಇದಕ್ಕೆ ಸೀರೆ ಉಡ್ಸಿರೋದು?"

ಹಳೆಯ ಸೀರೆಯಲ್ಲಿ ಅಮ್ಮ ಡಬ್ಬಕ್ಕೊಂದು ಕವರ್ ಹೊಲಿದಿದ್ದಳು, ಅಂಚು ಮುಂದೆ ಬರುವ ಹಾಗೆ. "ಧೂಳು ಕೂತ್ಕೊಳ್ತದಲ್ಲ ಮಾರಾಯ."

"ಸರಿ, ಹೀಟರ್‌ಗೆ ಒತ್ತಿಸಿ ಯಾಕೆ ಇಟ್ಟಿರೋದು?"

ಅಪ್ಪ ತಲೆ ಕೆರೆದುಕೊಂಡರು. "ಚಳಿಗೆ ಹಾಳಾಗ್ತದೆ ಅಂತ..."

"ಅಣ್ಣಾ, ಅದಕ್ಕೆ ಚಳೀನೇ ಬೇಕು! ಬಿಸಿ ಆದ್ರೆ ಅದು ನಿಧಾನ ಆಗ್ಬಿಡುತ್ತೆ."

ಡಬ್ಬ ಬಿಚ್ಚಿದಾಗ ಸುಟ್ಟ ಧೂಳಿನ ವಾಸನೆ. ಫ್ಯಾನಿನ ರೆಕ್ಕೆಗಳಿಗೆ ಬೂದು ಹತ್ತಿ ಸುತ್ತಿಕೊಂಡಿತ್ತು. ಬ್ರಷ್ ಹಿಡಿದು ಉಜ್ಜುವ ಕೆಲಸ ನನಗೆ ಸಿಕ್ಕಿತು. ಗೇಮಿನ ತಪ್ಪಲ್ಲವೆಂದು ನಾನು ಸೀಟಿ ಹಾಕಿಕೊಂಡೇ ಉಜ್ಜಿದೆ.

ಅಲ್ಲಿ ಹನ್ನೊಂದೂವರೆಯ ಧಾರೆ ಎಂದರೆ ಇಲ್ಲಿ ಬೆಳಿಗ್ಗೆ ಏಳು. ಅಪ್ಪನಿಗೆ ಇನ್ನೂ ನಂಬಿಕೆಯಿರಲಿಲ್ಲ. ಹೀಟರ್ ಆರಿಸಿ ಕಿಟಕಿಯನ್ನೂ ತೆರೆದಿಟ್ಟರು. ಹೊರಗೆ ಹಿಮ. "ಅದು ತಣ್ಣಗಿರ್ಲಿ, ನಾವು ನಡುಗುವ!"

ಜಾಕೆಟ್, ಟೊಪ್ಪಿ ಹಾಕಿಕೊಂಡು ಮಹೇಶಣ್ಣನೂ ಸೇರಿ ನಾಲ್ವರೂ ಕೂತೆವು. ಅಮ್ಮ ರೇಷ್ಮೆ ಸೀರೆಯ ಮೇಲೆ ಜಾಕೆಟ್ ತೊಟ್ಟಿದ್ದಳು. ಅಲ್ಲಿ ಧಾರೆಯ ಗಿಂಡಿ ಎತ್ತಿದರು. ನಾವು ಪರದೆಯತ್ತ ಬಾಗಿದೆವು. ನೀರು ಒಂದೇ ಎಳೆಯಾಗಿ ಚಿಕ್ಕಿಯ ಕೈ ಮೇಲೆ ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಅಮ್ಮ ಮುಷ್ಟಿಯಲ್ಲಿದ್ದ ಅಕ್ಷತೆಯನ್ನು ಪರದೆಗೆ ಎರಚಿಯೇಬಿಟ್ಟಳು.

"ಅಕ್ಕಾ, ಕೀಬೋರ್ಡು!"

"ಹೋಗಲಿ ಅದು! ನನ್ನ ತಂಗಿಗೆ ನಾನು ಹಾಕುದು ಬೇಡವಾ?"

ಹಲ್ಲು ಕಟಕಟ ಎನ್ನುತ್ತಲೇ ಪಾಯಸ ಕುಡಿದೆವು.

ಕಳೆದ ತಿಂಗಳು ಮಾವನ ಮಗನ ಮದುವೆಯಾಯಿತು. ಅಪ್ಪ ಹೋಟೆಲಿನಲ್ಲಿ, ಅಮ್ಮ ಮನೆಯಲ್ಲಿ, ನಾನು ರೈಲಿನಲ್ಲಿ, ಅವರವರ ಫೋನಿನಲ್ಲಿ ನೋಡಿದೆವು. ಚಿತ್ರ ಕನ್ನಡಿಯಷ್ಟು ಸ್ಪಷ್ಟ. ನಾನು ರೈಲು ಬದಲಿಸುವಷ್ಟರಲ್ಲಿ ಧಾರೆ ಮುಗಿದಿತ್ತು. ಸಂಜೆ ಅಮ್ಮ "ನೋಡಿದ್ಯಾ?" ಅಂದಳು. "ನೋಡಿದೆ" ಅಂದೆ. ಆ ಮದುವೆಯ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಮಾತು ಅಷ್ಟೇ.

ನಿಮ್ಮ ಮನೆಯವರೆಲ್ಲ ಒಂದೇ ಪರದೆಯ ಮುಂದೆ ಕೊನೆಯ ಸಲ ಕೂತದ್ದು ಯಾವಾಗ? ಬರೆದು ತಿಳಿಸಿ. ನಿಮ್ಮ ಉತ್ತರಗಳನ್ನು ಈ ಸಲ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದುತ್ತೇನೆ.