ನಾಯಿಮರಿಯ ಮುಂದೆ ಮಡಿ

ನಾಯಿಮರಿ ಬೇಕೆಂದು ಹಟ ಹಿಡಿದವಳು ನಾನು. ಬಿನ್ನಿಪೇಟೆಯ ಸ್ನೇಹಿತೆಯ ಮನೆಯ ಮೆಟ್ಟಿಲ ಕೆಳಗೆ ಬೀದಿನಾಯಿ ಮರಿ ಹಾಕಿದೆ ಎಂದು ತಿಳಿದದ್ದೇ ತಡ, ಆಟೋ ಹಿಡಿದು ಹೋಗಿ, ಹಳೇ ಟವೆಲಿನಲ್ಲಿ ಸುತ್ತಿ, ಶಂಕರಪುರದ ನಮ್ಮ ಮನೆಗೆ ತಂದವಳೂ ನಾನೇ. ಹಾಲು ಅನ್ನ ಕಲಸಿದ್ದು, ಲಸಿಕೆ ಹಾಕಿಸಿದ್ದು, ಗುಡುಗಿಗೆ ಬೆದರಿದಾಗ ಪಕ್ಕದಲ್ಲಿ ಕೂತದ್ದು ಎಲ್ಲಾ ನಾನು. ನಾಯಿ ಬೇಡವೇ ಬೇಡ ಎಂದು ಎರಡು ಹೊತ್ತು ಮಾತು ಬಿಟ್ಟವರು ನಮ್ಮ ಅತ್ತೆ. ಹೀಗಿರುವಾಗ ಆ ಮರಿ ಯಾರನ್ನು ಕಂಡು ಕುಣಿಯಬೇಕು, ನ್ಯಾಯ ನೀವೇ ಹೇಳಿ.

ಅದು ಕುಣಿಯುತ್ತಿದ್ದದ್ದು ಅತ್ತೆಯನ್ನು ಕಂಡು. ನನ್ನನ್ನು ಕಂಡರೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು.

ಉತ್ಪ್ರೇಕ್ಷೆಯಲ್ಲ. ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಬಾಗಿಲು ತೆಗೆಯುತ್ತಿದ್ದೆ. ದಿನವಿಡೀ ಇದನ್ನೇ ನೆನೆಸಿಕೊಂಡಿರುತ್ತಿದ್ದೆನಲ್ಲ, ಬ್ಯಾಗು ಮೂಲೆಗೆಸೆದು, "ಅಯ್ಯೋ ನನ್ ಬಂಗಾರ!" ಎಂದು ಎರಡೂ ಕೈ ಚಾಚಿ ಬಗ್ಗುತ್ತಿದ್ದೆ. ಮರಿ ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಕಾಲ ಸಂದಿಗೆ ತುರುಕಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿಬಿಡುತ್ತಿತ್ತು. ಅದರ ಕೆಳಗಿಂದ ಸಣ್ಣಗೆ ಒಂದು ಧಾರೆ ಹರಿದು ನಮ್ಮ ಕೆಂಪು ನೆಲದ ಮೇಲೆ ಮಿರಮಿರ ಮಿಂಚುತ್ತಿತ್ತು. ಬಟ್ಟೆ ತಂದು ಒರೆಸಲು ಮತ್ತೆ ಬಗ್ಗಿದರೆ ಇನ್ನಷ್ಟು.

ಅತ್ತೆಯ ವಿಷಯ ಬೇರೆ. ಅವರದು ಮಡಿ. ಬೆಳಿಗ್ಗೆ ಸ್ನಾನ ಮುಗಿಸಿ ಮಡಿ ಸೀರೆ ಉಟ್ಟರೆ ಮಧ್ಯಾಹ್ನದ ಊಟದವರೆಗೆ ಮಗನನ್ನೂ ಮುಟ್ಟುವುದಿಲ್ಲ. ನಾಯಿಯನ್ನಂತೂ ಯಾವ ಹೊತ್ತಿನಲ್ಲೂ ಮುಟ್ಟುವುದಿಲ್ಲ. ಬಚ್ಚಲಿನಿಂದ ಅಡುಗೆಮನೆಗೆ ಗೋಡೆ ಸವರಿಕೊಂಡು, ಮುಖ ಅತ್ತ ತಿರುಗಿಸಿ, "ಏಯ್, ದೂರ. ಅಲ್ಲೇ ಇರು" ಎಂದು ಮೆಲ್ಲಗೆ ಅನ್ನುತ್ತಾ ನಡೆದುಹೋಗುತ್ತಾರೆ. ಮರಿ ಬಾಲ ಮಾತ್ರವಲ್ಲ, ಸೊಂಟವನ್ನೇ ಆಡಿಸಿಕೊಂಡು ಹಿಂದೆ ಹೋಗಿ, ಹೊಸಿಲಿನಾಚೆ ತಲೆಯಿಟ್ಟು ಮಲಗುತ್ತಿತ್ತು. ಒಂದು ಹನಿ ಇಲ್ಲ! ನಾನು ತುಂಬಾ ಯೋಚಿಸಿ ಅದಕ್ಕೊಂದು ಮುದ್ದಾದ ಹೆಸರಿಟ್ಟಿದ್ದೆ. ಅದು ಓಗೊಡುತ್ತಿದ್ದದ್ದು "ಏಯ್"ಗೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ. ನನ್ನ ಮಗಳು ಮೊದಲು ಕಲಿತ ಮಾತು ಅಮ್ಮ ಅಲ್ಲ, ಅಜ್ಜಿ. ನಾನು ಊರವರ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಸುಸ್ತಾಗಿ ಬಂದರೆ ಅವಳು ಅಜ್ಜಿಯ ತೊಡೆಯ ಮೇಲೆ ಕೂತು ನನ್ನನ್ನು ನೆಂಟರನ್ನು ನೋಡಿದ ಹಾಗೆ ನೋಡುತ್ತಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ, ಮನೆಗೆ ಬಂದ ಕೂಡಲೇ ಕೇಳುವುದು, "ಅಜ್ಜಿ ಎಲ್ಲಿ?" ನನಗೆ ಈ ಮನೆಯಲ್ಲಿ ನನ್ನ ಹೆಜ್ಜೆಯ ಸದ್ದಿಗೆ ಓಡಿಬರುವ ಒಂದು ಜೀವ ಬೇಕಿತ್ತು. ನಾಯಿ ತಂದದ್ದು ಅದಕ್ಕೇ. ಅದನ್ನೂ ಅವರು ಮುಟ್ಟದೆಯೇ ಕಿತ್ತುಕೊಂಡರಲ್ಲ ಎಂದು ನನಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ಸಂಜೆ ತಡೆಯಲಾರದೆ ಗದರಿಯೇ ಬಿಟ್ಟೆ. "ನಾನೇನ್ ಮಾಡ್ದೆ ನಿಂಗೆ? ಹೇಳು, ಏನ್ ಮಾಡ್ದೆ?" ಮರಿ ಅಂಗಾತ ಬಿದ್ದು, ಕಣ್ಣು ಪಕ್ಕಕ್ಕೆ ಹೊರಳಿಸಿ, ಮಲಗಿದಲ್ಲೇ ಕಾರಂಜಿ ಹಾರಿಸಿತು. ಪೇಪರು ಓದುತ್ತಿದ್ದ ನಮ್ಮ ಯಜಮಾನರು ತಲೆಯೆತ್ತಿ, "ನಿನ್ ಕ್ಲಾಸಲ್ಲಿ ಹುಡುಗ್ರದು ಏನ್ ಗತಿ ಕಣೇ?" ಎಂದರು. ಅತ್ತೆ ಒಳಗಿನಿಂದಲೇ, "ಪಾಪ, ಅದನ್ಯಾಕೆ ಬೈತೀಯೇ" ಎಂದರು. ಆ "ಪಾಪ" ನನಗೆ ಚೆನ್ನಾಗಿ ಚುಚ್ಚಿತು.

ಬಸವನಗುಡಿಯ ನಾಯಿ ಡಾಕ್ಟರ ಹತ್ತಿರ ಒಯ್ದೆ. ಮೂತ್ರದಲ್ಲಿ ದೋಷವೇನಾದರೂ ಇದೆಯೇ ಎಂದು ಅವರು ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ.

"ಇದು ಕಾಯಿಲೆ ಅಲ್ಲ ಮೇಡಂ, ಹಟಾನೂ ಅಲ್ಲ" ಎಂದರು. "ನೀವೇ ದೊಡ್ಡೋರು, ನಂಗೇನೂ ಮಾಡ್ಬೇಡಿ ಅಂತ ಅದು ಹಾಗೆ ಹೇಳ್ಕೊಳತ್ತೆ. ಬೈದ್ರೆ ಜಾಸ್ತಿಯಾಗತ್ತೆ. ಬಂದ ತಕ್ಷಣ ಮಾತಾಡಿಸ್ಬೇಡಿ. ಮೇಲಿಂದ ಬಗ್ಗಿ ತಲೆ ಮುಟ್ಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ. ಪಕ್ಕಕ್ಕೆ ತಿರುಗಿ ಸುಮ್ನೆ ಕೂತ್ಕೊಳ್ಳಿ. ಅದಾಗಿ ಅದೇ ಬರ್ಲಿ. ದೊಡ್ಡದಾದ್ಮೇಲೆ ಸಾಮಾನ್ಯವಾಗಿ ಬಿಟ್ಹೋಗತ್ತೆ."

ಮುಟ್ಟಬಾರದು, ನೋಡಬಾರದು, ಮಾತಾಡಿಸಬಾರದು. ನಾನು ಬಾಯಿ ತಪ್ಪಿ, "ಅಂದ್ರೆ ಮಡಿ ಮಾಡ್ಬೇಕು ಅಂತೀರಾ?" ಎಂದೆ. ಡಾಕ್ಟರು ನಕ್ಕು, "ಹೂಂ, ಹಾಗೇ ಅಂದ್ಕೊಳ್ಳಿ" ಎಂದರು. ನನಗೆ ನಗು ಬರಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಮಡಿಯ ಬಗ್ಗೆ ಮೂಗು ಮುರಿದವಳು ನಾನು. ಈಗ ಅದನ್ನೇ ಅಭ್ಯಾಸ ಮಾಡಬೇಕಾಯಿತು, ಅದೂ ನಾಯಿಯ ಮುಂದೆ.

ಸುಲಭವಿರಲಿಲ್ಲ. ಬಾಗಿಲು ತೆಗೆಯುವಾಗ ಒಳಗಿನಿಂದ ಅದರ ಉಗುರಿನ ಟಿಕಟಿಕ ಕೇಳಿಸಿದರೆ ಕೈ ತಾನಾಗಿ ಚಾಚುತ್ತಿತ್ತು. ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು, ಗೋಡೆ ಸವರಿಕೊಂಡು ಒಳಗೆ ಹೋಗಿ, ನಡುಮನೆಯ ಕಂಬಕ್ಕೆ ಒರಗಿ, ಕ್ಯಾಲೆಂಡರ್ ನೋಡುತ್ತಾ ಕೂರುತ್ತಿದ್ದೆ. ಮರಿ ದೂರದಲ್ಲಿ ನಿಂತು ಯೋಚಿಸುತ್ತಿತ್ತು. ಕೆಲವು ದಿನ ಒಂದೆರಡು ಹನಿ, ಕೆಲವು ದಿನ ಅದೂ ಇಲ್ಲ. ಆಮೇಲೆ ಅಡುಗೆಮನೆಯ ಹೊಸಿಲಿಗೆ ಹೊರಟುಹೋಗುತ್ತಿತ್ತು. ಹೋಗುವಾಗ ಅದರ ಬಾಲ ಆಡುತ್ತಿದ್ದದ್ದು ನನ್ನ ಕಣ್ಣಂಚಿಗೆ ಕಾಣುತ್ತಿತ್ತು.

ಒಂದು ಸಂಜೆ ಮಾತ್ರ ಅದು ಹೊಸಿಲಿಗೆ ಹೋಗಲಿಲ್ಲ. ನನ್ನ ಹತ್ತಿರ ಬಂದು, ಪಾದ ಮೂಸಿ, ಪಾದದ ಮೇಲೆಯೇ ಗದ್ದವಿಟ್ಟು ನಿಟ್ಟುಸಿರು ಬಿಟ್ಟಿತು. ನೆಲ ಒಣಗಿಯೇ ಇತ್ತು. ನಾನು ಕೈಯನ್ನು ಕೆಳಗಿನಿಂದ ಒಯ್ದು ಗದ್ದ ಕೆರೆದೆ. ಗೆದ್ದೆ ಅನಿಸಿತು. ಅತ್ತೆ ನೋಡಲಿ ಎಂದೇ ಅಡುಗೆಮನೆಯ ಕಡೆ ತಿರುಗಿದೆ. ಅವರು ಆಗಲೇ ನೋಡುತ್ತಾ ನಿಂತಿದ್ದರು.

"ಹೆಂಗಿರತ್ತೇ ಮುಟ್ಟಿದ್ರೆ?" ಎಂದು ಕೇಳಿದರು. "ಮೆತ್ತಗಿರತ್ತಾ?"

ನಾನು ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. "ಹೂಂ ಅತ್ತೆ, ಕಿವಿ ಹತ್ರ ತುಂಬಾ ಮೆತ್ತಗೆ" ಎಂದೆ. ಅವರು ದೀಪ ಹಚ್ಚಲು ಹೋದರು.

ಮರುದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದೆ. ಅತ್ತೆ ಇನ್ನೂ ಸ್ನಾನ ಮಾಡಿರಲಿಲ್ಲ, ಹಿಂದಿನ ದಿನದ ಸೀರೆಯಲ್ಲೇ ನಡುಮನೆಗೆ ಬಂದರು. ಸ್ನಾನಕ್ಕೆ ಮುಂಚೆ ಮಡಿಯ ಹಂಗಿಲ್ಲವಲ್ಲ. ಅವರು ಏನು ಮಾಡಲಿದ್ದಾರೆಂದು ನನಗೆ ಹೊಳೆಯುವಷ್ಟರಲ್ಲಿ, "ಬಾರೋ ನನ್ ಕಂದಾ" ಎಂದು ಎರಡೂ ಕೈ ಚಾಚಿ, ಮರಿಯ ತಲೆಯ ಮೇಲೆ ಬಗ್ಗಿಬಿಟ್ಟರು.

ಕಿವಿ ಹಿಂದಕ್ಕೆ ಹೋಯಿತು. ಹೊಟ್ಟೆ ನೆಲಕ್ಕೆ ಹತ್ತಿತು. ಧಾರೆ ಹರಿದು ಅತ್ತೆಯ ಕಾಲ್ಬೆರಳು ಮುಟ್ಟಿತು.

ಒಪ್ಪಿಕೊಳ್ಳುತ್ತೇನೆ, ಮೊದಲು ನನಗೆ ಖುಷಿಯಾಯಿತು. ಇಷ್ಟು ದಿನ ಬೇಡಿಕೊಂಡದ್ದು ಕಣ್ಣೆದುರೇ ನಡೆದಿತ್ತು. ಆದರೆ ಅತ್ತೆ ಚಾಚಿದ ಕೈ ಹಾಗೇ ಹಿಡಿದುಕೊಂಡು ನನ್ನತ್ತ ತಿರುಗಿದರು. "ನಾನೇನೇ ಮಾಡ್ದೆ ಇದಕ್ಕೆ?" ಎಂದರು.

ನಾನು ಬಟ್ಟೆ ತಂದು ಅವರ ಪಾದ ಒರೆಸಿದೆ. "ನೀವೇನೂ ಮಾಡ್ಲಿಲ್ಲ ಅತ್ತೆ, ಮುದ್ದು ಮಾಡಕ್ಕೆ ಬಗ್ಗಿದ್ರಿ, ಅಷ್ಟೇ. ನಂಗೂ ಹೀಗೇ ಮಾಡ್ತಿತ್ತಲ್ಲ. ಬನ್ನಿ, ಇಲ್ಲಿ ಕೂತ್ಕೊಳ್ಳಿ. ಕೈ ಕೆಳಗಿರ್ಲಿ. ಅದರ ಕಡೆ ನೋಡ್ಬೇಡಿ."

ಕಂಬದ ಪಕ್ಕ ಇಬ್ಬರೂ ಕಾಲು ಚಾಚಿ, ಗೋಡೆಗೆ ಮುಖ ಮಾಡಿ ಕೂತೆವು. ಒಳಗೆ ಕಾಫಿ ಆರುತ್ತಿತ್ತು. ಹಿಂದೆ ಉಗುರಿನ ಟಿಕಟಿಕ ಕೇಳಿಸಿತು. ನನ್ನ ಕಡೆಗೆ ಬಾ, ನನ್ನ ಕಡೆಗೆ ಬಾ ಎಂದು ನಾನು ಉಸಿರು ಬಿಗಿಹಿಡಿದೆ. ಟಿಕಟಿಕ ನನ್ನ ಬೆನ್ನನ್ನು ದಾಟಿಕೊಂಡು ಮುಂದೆ ಹೋಯಿತು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಪಿಸುಗುಟ್ಟಿದರು, "ಮೆತ್ತಗಿದೆ ಕಣೇ."

ನನಗೆ ಹೊಟ್ಟೆ ಉರಿಯಿತು. ತಿರುಗಿ ನೋಡಿದ್ದರೆ ಸಾಕಿತ್ತು, ಮರಿ ಬೆದರಿ ಎದ್ದು ಹೋಗುತ್ತಿತ್ತು. ನಾನು ಗೋಡೆ ನೋಡುತ್ತಲೇ ಕೂತೆ.