ಪದ್ಮಾವತಿ ಟೀಚರ್ ಕೊರಳಿನ ಮೈಕು

ಪದ್ಮಾವತಿ ಟೀಚರ್ ಚಕ್ಕುಲಿ ಕಡಿಯುವ ಸದ್ದು ನನಗೆ ಗೊತ್ತಿದ್ದಷ್ಟು ಅವರ ಯಜಮಾನರಿಗೂ ಗೊತ್ತಿರಲಿಕ್ಕಿಲ್ಲ. ನಾನು ಕ್ಲಾಸಿನಲ್ಲಿ, ಅವರು ಗೋಡೆಯಾಚೆ ಸ್ಟಾಫ್ ರೂಮಿನಲ್ಲಿ. ಆದರೂ ಕಟುಂ ಕುಟುಂ ನೇರ ನನ್ನ ಕಿವಿಯೊಳಗೆ!

ಹುಟ್ಟಿನಿಂದಲೇ ನನಗೆ ಕಿವಿ ಮಂದ, ಎರಡೂ ಕಿವಿಗೆ ಮಷೀನು. ಮೂಡಿಗೆರೆ ಹತ್ತಿರದ ನಮ್ಮ ಶಾಲೆಗೆ ಸೇರುವಾಗ ಅದರ ಜೊತೆಗೊಂದು ಪುಟ್ಟ ಮೈಕೂ ಬಂತು. ಪಾಠ ಮಾಡುವವರು ಅದನ್ನು ಕೊರಳಿಗೆ ಹಾಕಿಕೊಂಡರೆ ಮಕ್ಕಳ ಗಲಾಟೆ, ಹೆಂಚಿನ ಮೇಲಿನ ಮಳೆ ಎಲ್ಲ ದಾಟಿ ಅವರ ಮಾತು ನನ್ನ ಮಷೀನಿಗೆ ಬರುತ್ತಿತ್ತು. ಹೊರನಾಡು ಕಡೆಯ ಪದ್ಮಾವತಿ ಟೀಚರ್ ಮೊದಲ ದಿನವೇ ಅದನ್ನು ಕರಿಮಣಿಯ ಪಕ್ಕ ನೇತುಹಾಕಿಕೊಂಡು, "ನೋಡೇ ಮಾರಾಯ್ತಿ, ಒಂದು ನಮ್ಮ ಯಜಮಾನ್ರದ್ದು, ಇನ್ನೊಂದು ನಿಂದು" ಅಂದರು. ಥಂಡಿ ಹಿಡಿಯದಿರಲೆಂದು ಸಂಜೆ ಅದನ್ನು ಬಿಸಿಯೂಟದ ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಿದ್ದರು.

ಬಿಡುವಿನಲ್ಲಿ ಆಫ್ ಮಾಡುವುದು ಮಾತ್ರ ಒಂದು ದಿನವೂ ನೆನಪಾಗಲಿಲ್ಲ. ಅದರಿಂದ ನನ್ನ ಅದೃಷ್ಟವೇ ಖುಲಾಯಿಸಿತು. ಮಷೀನಿನ ಹುಡುಗಿ ಅಂತ ದೂರ ಕೂರುತ್ತಿದ್ದವರೆಲ್ಲ ಈಗ ನನ್ನ ಬೆಂಚಿಗೆ ಮುಗಿಬಿದ್ದರು. "ಟೀಚರ್ ಎಂತ ಮಾಡ್ತಿದಾರೆ ಹೇಳೇ!" ನಾನು ರಾಣಿಯ ಗತ್ತಿನಲ್ಲಿ, "ಕಾಫಿ ಸೊರ್ರಂತ ಕುಡೀತಿದಾರೆ. ಈಗ ಎದ್ರು. ಕೂತ್ಕೊಳ್ರೋ!" ಎನ್ನುತ್ತಿದ್ದೆ. ಅವರು ಬರುವಷ್ಟರಲ್ಲಿ ಇಡೀ ಕ್ಲಾಸು ಗಪ್‌ಚುಪ್.

ಒಂದು ಮಧ್ಯಾಹ್ನ ಹೆಡ್‌ಮೇಷ್ಟ್ರ ದನಿಯೂ ಬಂತು. "ಆ ಕಿವಿ ಕೇಳದ ಹುಡ್ಗೀನ ಮೈಸೂರಿನ ಸ್ಪೆಷಲ್ ಶಾಲೆಗೆ ಕಳ್ಸೋಣ, ನಮಗ್ಯಾಕೆ ರಗಳೆ?" ಆಮೇಲೆ ನಮ್ಮ ಟೀಚರ್: "ಅವಳಿಗೆ ಕೇಳೋದಿಲ್ಲ ಅಂತ ಯಾರು ಸಾರ್ ಹೇಳಿದ್ದು? ಅವಳನ್ನ ಕಳ್ಸೋದಾದ್ರೆ ನನ್ನ ಟ್ರಾನ್ಸ್‌ಫರ್ ಅರ್ಜೀನೂ ಜೊತೇಲೇ ಕಳ್ಸಿ."

"ಎಂತಂತೆ, ಎಂತಂತೆ?" ಅಂತ ಎಲ್ಲರೂ ಭುಜ ಅಲುಗಾಡಿಸಿದರು.

"ಚಕ್ಕುಲಿ ತಿಂತಿದಾರೆ" ಅಂದೆ. ಅಳು ಬರುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಬಂದಾಗ ಅವರಿಗೇ ಕಳಸದ ಆಚೆಗೆ ವರ್ಗವಾಯಿತು. ಹೊರಡುವ ದಿನ ನಾವೆಲ್ಲ ಬಸ್ ಸ್ಟಾಪಿನವರೆಗೂ ಹೋಗಿದ್ದೆವು. ಬದಲಿಗೆ ಬಂದ ಮೇಷ್ಟ್ರು ಅವರ ಕೊರಳಿನ ಮೈಕು ನೋಡಿ ಮಾರು ದೂರ ಸರಿದರು. "ಗಂಡಸಾಗಿ ಸರ ಹಾಕ್ಕೊಂಡು ಪಾಠ ಮಾಡೋದಾ ಟೀಚರ್? ಬೇಡಪ್ಪಾ." ಅವರು ಹಾಕಿಕೊಳ್ಳದಿದ್ದರೆ ನನ್ನ ಓದು ಅಲ್ಲಿಗೇ ಮುಗಿದ ಹಾಗೆ. ಮಾತು ಮುಗಿಯುವ ಮೊದಲೇ ಬಸ್ಸು ಬಂತು, ಟೀಚರ್ ಓಡಿ ಹತ್ತಿದರು.

ಕಿಟಕಿಯಲ್ಲಿ ನಗುನಗುತ್ತಾ ಕೈಬೀಸುತ್ತಿದ್ದರು. ಎಲ್ಲರಿಗೂ ಕಂಡದ್ದು ಆ ನಗು. ಮುಖ ಒಳಗೆಳೆದುಕೊಂಡ ಮೇಲೆ ನನ್ನ ಕಿವಿಯಲ್ಲಿ ಮಾತ್ರ ಬಿಕ್ಕಳಿಕೆ, ಮೂಗು ಸೀಟುವ ಸದ್ದು, "ಅಯ್ಯೋ, ಆ ಹುಡ್ಗೀನ ಹೆಂಗೆ ಬಿಟ್ಟು ಹೋಗ್ಲಿ..." ಬಸ್ಸು ಹೊರಟಿತು, ದನಿ ಕಡಿದು ಕಡಿದು ಬರತೊಡಗಿತು. ಅಷ್ಟರಲ್ಲಿ ಕಿವಿ ಒಡೆಯುವಂಥ ಕೂಗು:

"ನಿಲ್ಸೋ ಮಾರಾಯಾ! ನನ್ನ ಹುಡ್ಗಿ ಕಿವಿ ನನ್ನ ಕುತ್ತಿಗೇಲೇ ಉಳ್ಕೊಂಡಿದೆ!"

ಬಸ್ಸು ಗಕ್ಕನೆ ನಿಂತಿತು. ಟೀಚರ್ ಸೀರೆ ಎತ್ತಿಕಟ್ಟಿ ಓಡಿಬಂದವರೇ ಮೈಕನ್ನು ಹೊಸ ಮೇಷ್ಟ್ರ ಕೊರಳಿಗೆ ಹಾಕಿಯೇ ಬಿಟ್ಟರು. "ತೆಗ್ದೀರಿ, ಜೋಕೆ!" ನಾವೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದೆವು. ಅವರು ನನ್ನ ಕೆನ್ನೆ ಹಿಂಡಿ ಮತ್ತೆ ಬಸ್ಸಿಗೆ ಓಡಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮೇಷ್ಟ್ರು ಕೆಂಪಗಾಗಿ ನಿಂತಿದ್ದರು. ನನ್ನ ಕಿವಿಯಲ್ಲಿ ಅವರ ಮೊದಲ ಮಾತು ಸ್ಪಷ್ಟವಾಗಿ ಬಂತು: "ಅಬ್ಬಬ್ಬಾ, ಎಂಥಾ ಹೆಂಗ್ಸಪ್ಪಾ!"

ನಾನು ತಿರುಗಿ, ಎಲ್ಲರಿಗೂ ಕೇಳುವಂತೆ ಅದನ್ನು ಗಟ್ಟಿಯಾಗಿ ವರದಿ ಮಾಡಿದೆ.