ಅಡಿಗೆಮನೆಯಿಲ್ಲದ ಹೋಟೆಲು

ಕೆಳಗಿನ ಮನೆಯ ಮಾಮನ ಕಣಕಾಲುಗಳಲ್ಲಿ ನರಗಳು ನೀಲಿಯಾಗಿ ಗಂಟುಗಟ್ಟಿಕೊಂಡಿದ್ದವು. ಅವರು ಕುರ್ಚಿಯಲ್ಲಿ ಕೂತರೂ ಪೂರ್ತಿ ಕೂರುತ್ತಿರಲಿಲ್ಲ. ಅಂಚಿಗೆ ಆನಿಕೊಂಡು, ಹಿಮ್ಮಡಿ ಎತ್ತಿ, ಎರಡೂ ಅಂಗೈ ಮಂಡಿಯ ಮೇಲಿಟ್ಟು, ಯಾರಾದರೂ ಕರೆದರೆ ಎದ್ದೇಬಿಡುವವರ ಹಾಗೆ ಇರುತ್ತಿದ್ದರು. ಪಂಚೆ ಎತ್ತಿ ಕಟ್ಟಿದ ಒಂದು ದಿನ ಆ ಗಂಟುಗಳನ್ನು ನೋಡಿ, ಡಾಕ್ಟರಿಗೆ ತೋರಿಸೋಣ ಬನ್ನಿ ಎಂದೆ. "ಇದು ರೋಗ ಅಲ್ಲ ಮಾರಾಯ್ತಿ, ಇದು ಸರ್ವಿಸು," ಎಂದರು.

ಆ ಸರ್ವಿಸು ಕಲ್ಯಾಣ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನದು. ಬಡಿಸುವ ಕೆಲಸಕ್ಕೆ ಸೇರಿ ಮ್ಯಾನೇಜರ್ ಆಗಿ ಗಲ್ಲಾದ ಹಿಂದೆ ಬಂದು ನಿಂತವರು. ನಾನು ಮೈಸೂರಿನವಳು. ಮಹಾಪೆಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ಡೊಂಬಿವಲಿಯ ಈ ಸೊಸೈಟಿಗೆ ಒಬ್ಬಳೇ ಬಾಡಿಗೆಗೆ ಬಂದಾಗ, ಮೆಟ್ಟಿಲ ಮೇಲೆ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಬಾಗಿಲು ತೆರೆದವರು ಮಾಮಿ. ಬಿಲ್ಡಿಂಗಿನವರಿಗೆಲ್ಲ ಮಾಮ 'ಅಣ್ಣಾ'. ಇಲ್ಲಿ ಇಡ್ಲಿಯ ಸಂಬಂಧವಿರುವ ಯಾರೇ ಆದರೂ ಅಣ್ಣಾನೇ. ನನಗೊಬ್ಬಳಿಗೆ ಮಾಮ. ಮೊದಲ ಮಳೆಗಾಲದಲ್ಲಿ ಟೈಫಾಯ್ಡ್ ಬಂದು ನಾನು ಮಲಗಿದ್ದಾಗ ಮೂರು ವಾರ ನನ್ನ ಮನೆಗೆ ಗಂಜಿ ಬಂದದ್ದು ಅವರ ಮನೆಯಿಂದ. ಅದನ್ನು ನಾನು ಮರೆತರೆ ನನ್ನಂಥ ಕೃತಘ್ನೆ ಇನ್ನೊಬ್ಬಳಿಲ್ಲ.

ಮಾಮನದು ಒಂದು ಕಾನೂನಿತ್ತು. ಗಿರಾಕಿ ದೂರು ಹೇಳಿದರೆ ಗಲ್ಲಾದಿಂದ ಎದ್ದು, ಈಚೆ ಬಂದು, ನಿಂತು ಕೇಳಬೇಕು. ಒಂದು ಶನಿವಾರ ನಾನು ಕಲ್ಯಾಣಿನಲ್ಲಿ ಇಳಿದು ಅವರ ಹೋಟೆಲಿಗೆ ಹೋಗಿದ್ದೆ. ಒಬ್ಬಾತ ಉಪ್ಪಿಟ್ಟಿನಲ್ಲಿ ಕಲ್ಲು ಸಿಕ್ಕಿತೆಂದು ಪ್ಲೇಟು ಕುಟ್ಟಿ, ಮಾಮನನ್ನು ಏಕವಚನದಲ್ಲಿ ಬೈದ. ಮಾಮ ಕೈಕಟ್ಟಿ ನಿಂತು ಕೊನೆಯವರೆಗೆ ಕೇಳಿದರು. ಬೇರೆ ಪ್ಲೇಟು ತರಿಸಿ ಕೊಟ್ಟರು. ಆಮೇಲೆ ಅವನು ಬಿಟ್ಟ ಉಪ್ಪಿಟ್ಟನ್ನು ಒಳಗೆ ತೆಗೆದುಕೊಂಡು ಹೋಗಿ ತಾವೇ ತಿಂದು ನೋಡಿದರು. ಕಲ್ಲು ಇರಲಿಲ್ಲ, ಹುರಿದ ಕಡಲೆಬೇಳೆ ಗಟ್ಟಿಯಾಗಿತ್ತು ಅಷ್ಟೇ.

"ಅವನಿಗೆ ಹೇಳಬಾರದಿತ್ತಾ?" ಎಂದು ನಾನು ಕುದಿದೆ.

"ಹಸಿದು ಬಂದವನ ಹತ್ರ ಎಂತ ವಾದ? ಅವ ಹೇಳಿ ಮುಗಿಸುವವರೆಗೆ ನಾವು ಬಾಯಿ ಬಿಡ್ಲಿಕ್ಕಿಲ್ಲ. ಬಿಟ್ರೆ ಅದು ಜಗಳ ಆಗ್ತದೆ."

ಹೋಟೆಲಿನಲ್ಲಿ ಇದು ದೊಡ್ಡ ಗುಣ, ಒಪ್ಪಿದೆ. ಆದರೆ ಮಾಮ ಹೋಟೆಲಿನ ಈ ಕಾನೂನನ್ನು ಮನೆಗೂ ಹೊತ್ತು ತಂದಿದ್ದರು. ಮಾಮಿ ಟೆರೇಸಿನಲ್ಲಿ ಹಪ್ಪಳ ಒಣಹಾಕಿದ್ದಕ್ಕೆ ಸೊಸೈಟಿಯ ಸೆಕ್ರೆಟರಿ ಬಾಗಿಲಿಗೇ ಬಂದು, ಇದೇನು ನಿಮ್ಮ ಹಳ್ಳಿಯಾ ಎಂದು ಕೂಗಾಡಿದ ದಿನ ನಾನು ಅಲ್ಲೇ ಇದ್ದೆ. ಮಾಮ ಎದ್ದು ನಿಂತು, ಕೈಕಟ್ಟಿ, ಆ ಮನುಷ್ಯ ಹೇಳಿ ಮುಗಿಸುವವರೆಗೂ ಕೇಳಿ, "ಸಾರಿ ಸಾಬ್, ಫಿರ್ ನಹೀ ಹೋಗಾ," ಎಂದು ಕಳಿಸಿಕೊಟ್ಟರು. ಒದ್ದೆ ಹಪ್ಪಳಗಳನ್ನು ಮಾಮಿ ಒಬ್ಬರೇ ಒಳಗೆ ತಂದರು. ಎರಡು ದಿನ ಆ ಮನೆಯಲ್ಲಿ ಮಾತಿರಲಿಲ್ಲ. ಮೂರನೆಯ ದಿನ ಮಾಮಿ ನನ್ನೆದುರಿಗೇ ಅಂದರು: "ಬೈದವರಿಗೆಲ್ಲ ಇವ್ರು ಮ್ಯಾನೇಜರೇ. ನಂಗೆ ಯಾವಾಗ ಗಂಡ ಆಗೂದು?"

ಮಾಮಿಗೆ ಇದ್ದದ್ದು ಒಂದೇ ಆಸೆ. ಸಮುದ್ರದ ಎದುರು ಕೂರಬೇಕು, ಯಾರಾದರೂ ತಂದು ಬಡಿಸಬೇಕು, ತಾನು ಏಳಬಾರದು. ಗಂಡ ದಿನಾ ಊರಿಗೆಲ್ಲ ಬಡಿಸಿ ಮನೆಗೆ ಬರುವ ಹೊತ್ತಿಗೆ ಅವರಿಗೆ ಮಾಮಿ ಬಡಿಸಬೇಕು. ಹಬ್ಬದ ದಿನ ಹೋಟೆಲು ತುಂಬಿರುತ್ತದೆ, ಆದ್ದರಿಂದ ಹಬ್ಬವೂ ಇಲ್ಲ. "ರಿಟೈರಾಗಲಿ, ಕರ್ಕೊಂಡು ಹೋಗ್ತೇನೆ" ಎಂಬ ಮಾತನ್ನು ಮಾಮ ಎಷ್ಟು ವರ್ಷ ಮುಂದಕ್ಕೆ ತಳ್ಳಿದರೋ ಲೆಕ್ಕವಿಲ್ಲ. ಇದರ ಬಗ್ಗೆ ನನಗೆ ಅವರ ಮೇಲೆ ಈಗಲೂ ಸಿಟ್ಟಿದೆ, ಸತ್ತವರೆಂದು ಬಿಡುವುದಿಲ್ಲ. ಅವರು ರಿಟೈರಾಗುವಷ್ಟರಲ್ಲಿ ಮಾಮಿಯ ಎರಡೂ ಮಂಡಿ ಹೋಗಿದ್ದವು.

ಕೊನೆಗೆ ನಾನೇ ಮೊಬೈಲಿನಲ್ಲಿ ನೋಡಿ ಬುಕ್ ಮಾಡಿದೆ. ಅಲಿಬಾಗ್ ದಾಟಿದ ಮೇಲೆ ಬರುವ ಸಮುದ್ರತೀರದ ಒಂದು ಊರು. ಎರಡು ದಿನ, ಎರಡು ರೂಮು. ಫೋಟೋದಲ್ಲಿ ಬಾಲ್ಕನಿ, ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ, ಕುರ್ಚಿಯ ಎದುರು ಸಮುದ್ರ. ಫೋನ್ ಮಾಡಿ, ಹಿರಿಯರ ಮಂಡಿನೋವು ಹೇಳಿ, ನೆಲಮಹಡಿಯ ರೂಮೇ ಬೇಕೆಂದೆ. ಡೋಂಟ್ ವರಿ ಮ್ಯಾಡಮ್, ಎಂದಿತು ಆ ಕಡೆಯ ದನಿ.

"ಹೋಟೆಲ್ ಬುಕ್ ಆಯ್ತು ಮಾಮ," ಎಂದು ನಾನು ಹೇಳಿದ್ದೇ ತಪ್ಪಾಯಿತು. ಠಾಣೆಗೆ ಡಾಕ್ಟರ ಹತ್ತಿರ ಹೋಗುವಾಗಲೂ ಚಿತ್ರಾನ್ನದ ಡಬ್ಬಿ ಇಟ್ಟುಕೊಳ್ಳುವ ಮಾಮಿ, ಹೊರಡುವ ದಿನ ಅವಲಕ್ಕಿ ಕಲಸಲು ಕೂತಾಗ ಮಾಮ ಕೈ ಹಿಡಿದು ತಡೆದರು. "ಹೋಟೆಲಿಗೆ ಬುತ್ತಿ ಕಟ್ಟಿಕೊಂಡು ಹೋಗುವುದುಂಟಾ? ಅದು ಹೋಟೆಲಿನವನಿಗೆ ಅವಮಾನ. ಅಲ್ಲಿ ಅಡಿಗೆ ಭಟ್ಟರು ಇರ್ತಾರೆ, ಬಡಿಸುವವರು ಇರ್ತಾರೆ. ನೀನು ಕೈ ಬೀಸಿಕೊಂಡು ಬಾ." ಮಾಮಿ ಅವಲಕ್ಕಿಯನ್ನು ಡಬ್ಬಿಗೆ ವಾಪಸ್ ಸುರಿದರು. ನಮ್ಮ ಕನ್ನಡದಲ್ಲಿ ಹೋಟೆಲು ಎಂದರೆ ತಿನ್ನುವ ಜಾಗ, ಮಲಗುವ ಜಾಗ ಲಾಡ್ಜು. ದಿನವಿಡೀ ಇಂಗ್ಲಿಷಿನಲ್ಲಿ ಕೆಲಸ ಮಾಡುವ ನನಗೂ ಅಲ್ಲಿ ಊಟ ಸಿಗುತ್ತದೆಯೇ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಹೋಟೆಲಿನಲ್ಲಿ ಊಟ ಉಂಟೇ ಎಂದು ಯಾರಾದರೂ ಕೇಳುತ್ತಾರೆಯೇ?

ನಾವು ಮಧ್ಯಾಹ್ನ ಹಸಿದುಕೊಂಡೇ ಬಾಡಿಗೆ ಕಾರಿನಿಂದ ಅಲ್ಲಿ ಇಳಿದೆವು. ಬೋರ್ಡಿನ ಅರ್ಧ ಅಕ್ಷರ ಉದುರಿತ್ತು. ನಲವತ್ತರ ಆಸುಪಾಸಿನ ಮ್ಯಾನೇಜರ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಮೊಬೈಲು ನೋಡುತ್ತಿದ್ದ. ನೆಲಮಹಡಿಯ ರೂಮಿಗೆ ಬೇರೆಯವರು ಬಂದಾಗಿತ್ತು. ನಮಗೆ ಎರಡನೆಯ ಮಹಡಿ. ಲಿಫ್ಟು ಇಲ್ಲ. ಮಾಮಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವಾಗ ನಾನು ಹಿಂದೆ ಬ್ಯಾಗು ಹಿಡಿದು ಹಲ್ಲು ಕಡಿಯುತ್ತಿದ್ದೆ. ಬಾಲ್ಕನಿ ಎಂದರೆ ಒಬ್ಬರು ಅಡ್ಡಡ್ಡ ನಿಲ್ಲಬಹುದಾದ ಜಾಗ, ಎದುರಿಗೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿ. ಸಮುದ್ರ ಕಾಣಬೇಕಾದರೆ ಕಂಬಿ ಹಿಡಿದು ಹೊರಗೆ ವಾಲಬೇಕು. ಹಾಸಿಗೆ ತಣ್ಣಗೆ ಒದ್ದೆ. ಮಾಮ ದಿಂಬು ಎತ್ತಿ ಮೂಸಿ ಕೆಳಗಿಟ್ಟರು.

ಊಟಕ್ಕೆ ಏನಿದೆ ಎಂದು ಕೇಳಲು ನಾನು ಕೆಳಗೆ ಹೋದೆ. "ಕಿಚನ್ ತೋ ಕಬ್ ಸೇ ಬಂದ್ ಹೈ," ಎಂದ ಆ ಮ್ಯಾನೇಜರ್, ತಲೆಯೆತ್ತದೆ. ಅಡಿಗೆಮನೆ ಮುಚ್ಚಿ ಯಾವ ಕಾಲವಾಯಿತೋ. ಅದರ ಬಾಗಿಲಿಗೆ ಹಳೆಯ ಹಾಸಿಗೆಗಳನ್ನು ಒರಗಿಸಿಟ್ಟಿದ್ದರು.

ಮೇಲೆ ಬಂದು ಹೇಳಿದೆ. ಮಾಮನ ಮುಖ ಪೆಚ್ಚಾಯಿತು. "ಅಡಿಗೆಮನೆ ಇಲ್ವಾ? ಹಾಗಾದ್ರೆ ಇದು ಹೋಟೆಲ್ ಅಲ್ಲ, ಲಾಡ್ಜು," ಎಂದರು ಮೆಲ್ಲಗೆ. ನಾನು ಬಿಸಿಲಿನಲ್ಲಿ ಅಲೆದು ಆರು ವಡಾಪಾವ್ ತಂದೆ, ತಣ್ಣಗಿನವು. ಮಾಮಿ ಕಾಗದ ಬಿಚ್ಚಿ ಹಾಸಿಗೆಯ ಮೇಲೆ ಹಾಸಿ, ಮೂರು ಪಾಲು ಮಾಡಿ, ಮೊದಲು ಗಂಡನಿಗೆ ಕೊಟ್ಟರು. "ಈ ಕುಲ್ಲು," ನೀನು ಕೂತುಕೋ ಎಂದು ಮಾಮ ತುಳುವಿನಲ್ಲಿ ಗದರಿದರು. "ಕೂತೇ ಕೊಡ್ತಾ ಇದ್ದೇನಲ್ಲ," ಎಂದು ಮಾಮಿ ನಕ್ಕರು. ನನಗೆ ನಗು ಬರಲಿಲ್ಲ. ಎಷ್ಟೋ ವರ್ಷದಿಂದ ಕಾಯ್ದು ಬಂದ ಹೆಂಗಸು, ಬಂದ ಒಂದು ಗಂಟೆಯೊಳಗೆ ಮತ್ತೆ ಬಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಬೇರೆ ಕಡೆ ರೂಮು ಹುಡುಕೋಣವೆಂದು ಹೇಳಲು ಅವರ ಬಾಗಿಲು ತಟ್ಟಿದೆ. ಮಾಮ ಹಾಲು ಹುಡುಕಿಕೊಂಡು ಹೊರಗೆ ಹೋಗಿದ್ದರು. ಬಾತ್‌ರೂಮಿನ ನಲ್ಲಿ ಸೋರಿ ನೀರು ರೂಮಿನೊಳಕ್ಕೆ ಹರಿದಿತ್ತು. ಮಾಮಿ ಸೀರೆ ಎತ್ತಿ ಸಿಕ್ಕಿಸಿ, ಒಂದು ಕೈಯಲ್ಲಿ ಮಂಚದ ಕಾಲು ಹಿಡಿದು, ಆ ಮಂಡಿಗಳ ಮೇಲೆ ಕೂತು, ತಮ್ಮದೇ ಟವೆಲಿನಿಂದ ನೆಲ ಒರೆಸುತ್ತಿದ್ದರು. ನಾನು ಟವೆಲು ಕಿತ್ತುಕೊಳ್ಳಲು ಬಗ್ಗಿದಾಗ ಹಿಂದೆ ಮಾಮ ಬಂದು ನಿಂತದ್ದು ಗೊತ್ತಾಯಿತು. ಕೈಯಲ್ಲಿ ಹಾಲಿನ ಪ್ಯಾಕೆಟ್ಟು. ಅದನ್ನು ಮಂಚದ ಮೇಲಿಟ್ಟು, ಹೆಂಡತಿಯನ್ನು ಎತ್ತಿ, ಮೆಟ್ಟಿಲ ತಿರುವಿನಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವರು ಕೆಳಗೆ ಇಳಿದರು. ನಾನು ಹಿಂದೆ ಓಡಿದೆ.

ಮ್ಯಾನೇಜರ್ ಹಿಂದಿನ ದಿನದ ಭಂಗಿಯಲ್ಲೇ ಇದ್ದ. ಮಾಮ ಎದುರಿಗೆ ನಿಂತು, ರೂಮಿನಲ್ಲಿ ನೀರು ನುಗ್ಗಿದ್ದನ್ನು ಹೇಳಿದರು. ಅವನು ಮೊಬೈಲು ನೋಡುತ್ತಲೇ, "ಅಂಕಲ್, ಪ್ಲಂಬರ್ ಸೋಮವಾರ್ ಕೋ ಆಯೇಗಾ. ತಕಲೀಫ್ ಹೈ ತೋ ರಿವ್ಯೂ ಡಾಲ್ ದೋ," ಎಂದ. ತೊಂದರೆಯಾದರೆ ರಿವ್ಯೂ ಹಾಕಬೇಕಂತೆ.

"ಪೆಹಲೇ ಉಠ್," ಎಂದರು ಮಾಮ. ಮೊದಲು ಏಳು.

ಅವನಿಗೆ ಅರ್ಥವಾಗಲಿಲ್ಲ. ಮಾಮ ಅಂಗೈಯಿಂದ ಮೇಜನ್ನು ಬಡಿದ ಸದ್ದಿಗೆ ನಾನೇ ಬೆಚ್ಚಿದೆ. ಆಮೇಲೆ ಅವರು ತಮ್ಮ ಗಲ್ಲಾದ ಹಿಂದಿಯಲ್ಲಿ ಕೂಗಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ, ಹಿಂದಿಯಲ್ಲಿ ಅದು ಇದಕ್ಕಿಂತ ಖಾರವಾಗಿತ್ತು.

"ನಾನೂ ಮ್ಯಾನೇಜರ್ ಆಗಿದ್ದವ. ಜೀವಮಾನ ಪೂರಾ ಬೈಸಿಕೊಂಡಿದ್ದೇನೆ, ನಿಂತು ಬೈಸಿಕೊಂಡಿದ್ದೇನೆ. ತಪ್ಪು ನನ್ನದಲ್ಲದಿದ್ರೂ ನಿಂತಿದ್ದೇನೆ. ಮೇಲೆ ನನ್ನ ಹೆಂಡತಿ ನಿನ್ನ ನೆಲ ಒರೆಸ್ತಾ ಇದ್ದಾಳೆ. ಅವಳ ಮಂಡಿ ನೋಡಿದ್ಯಾ ನೀನು? ಅವಳು ಏನೂ ಕೇಳಿದವಳಲ್ಲ, ಒಂದು ಸಲ ಕೂತು ತಿನ್ನಬೇಕು ಅಂತ ಕೇಳಿದ್ಲು. ಅವಳನ್ನು ನೆಲದ ಮೇಲೆ ಕೂರಿಸಿ ನೀನು ಕುರ್ಚಿಯಲ್ಲಿ ಕೂತು ಮಾತಾಡ್ತೀಯಾ? ಏಳು!"

ಬೇರೆ ರೂಮಿನವರು ಬಾಗಿಲಿಗೆ ಬಂದು ನಿಂತರು. ಆ ಮನುಷ್ಯ ಎದ್ದ. ಕಾಲಿಗೆ ಚಪ್ಪಲಿ ಹುಡುಕುತ್ತಾ, ಸಾರಿ ಅಂಕಲ್, ಸಾರಿ ಅಂಕಲ್ ಎಂದ. ಮೇಲೆ ನೋಡಿದೆ. ಮೆಟ್ಟಿಲ ತಿರುವಿನಲ್ಲಿ ಮಾಮಿ, ಎರಡು ಕೈಯಲ್ಲೂ ಕಂಬಿ ಹಿಡಿದುಕೊಂಡು ಕೂತೇ ಇದ್ದರು.

ಅದರಿಂದ ಆದದ್ದೇನು? ಏನೂ ಇಲ್ಲ. ನಾವು ಬೆನ್ನು ತಿರುಗಿಸಿದ ಕೂಡಲೇ ಅವನು ಮತ್ತೆ ಕೂತ. ರೂಮು ಬದಲಾಗಲಿಲ್ಲ, ನಲ್ಲಿ ನಿಲ್ಲಲಿಲ್ಲ. ಬೇರೆ ರೂಮು ಹುಡುಕುವ ಉಮೇದು ಯಾರಿಗೂ ಉಳಿದಿರಲಿಲ್ಲ. ಸಮುದ್ರವನ್ನು ಕಾರಿನ ಕಿಟಕಿಯಿಂದ ಐದು ನಿಮಿಷ ನೋಡಿ ಡೊಂಬಿವಲಿಗೆ ಹೊರಟೆವು. ಪನವೇಲ್ ದಾಟುವಾಗ ಮಾಮ ನನಗೆ ಹೇಳಿದರು: "ನಿಂದು ತಪ್ಪಿಲ್ಲ. ಅಡಿಗೆಮನೆ ಉಂಟಾ ಅಂತ ನಾನೇ ಕೇಳ್ಬೇಕಿತ್ತು. ಮುಂದಿನ ಸಲ ನಾನು ಫೋನ್ ಮಾಡ್ತೇನೆ, ಭಟ್ಟರ ಹತ್ರವೇ ಮಾತಾಡ್ತೇನೆ."

ನಾನು ಮನೆಗೆ ಬಂದವಳೇ ಉದ್ದದ ರಿವ್ಯೂ ಬರೆದೆ. ಮೆಟ್ಟಿಲು, ಟ್ಯಾಂಕಿ, ದಿಂಬು, ನಲ್ಲಿ, ಒಂದನ್ನೂ ಬಿಡಲಿಲ್ಲ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಮತ್ತೆ ಬನ್ನಿ, ಎಂದು ಉತ್ತರ ಬಂತು. ಆ ಉತ್ತರ ನೋಡಿದಾಗಲೆಲ್ಲ ನನಗೆ ಇಂದಿಗೂ ಮೈ ಉರಿಯುತ್ತದೆ.

ಮುಂದಿನ ಸಲ ಎಂಬುದು ಬರಲಿಲ್ಲ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಮಾಮನಿಗೆ ಎದೆನೋವು ಬಂತು. ರಿಕ್ಷಾದಲ್ಲಿ ಕರೆದುಕೊಂಡು ಹೊರಟೆ. ರಸ್ತೆ ಅಗೆದು ಹಾಕಿ ಮುಚ್ಚದೆ ಬಿಟ್ಟಿದ್ದರು, ರಿಕ್ಷಾ ನಿಂತಲ್ಲೇ ನಿಂತಿತು. ಆಸ್ಪತ್ರೆ ತಲುಪುವ ಮೊದಲೇ ಅವರು ನನ್ನ ಭುಜಕ್ಕೆ ಒರಗಿ ಹೋದರು.

ವರ್ಷಾಂತಿಕ ಕಳೆದ ಮೇಲೆ ನಾನು ಮಾಮಿಯ ಹತ್ತಿರ ಹೋಗಿ ಕೂತೆ. "ಮಾಮಿ, ನಾನು ಮಾಡಿದ ತಪ್ಪನ್ನ ನಾನೇ ಸರಿ ಮಾಡ್ತೀನಿ. ಈ ಸಲ ನಾನೇ ಮೊದಲು ಹೋಗಿ ನೋಡ್ಕೊಂಡು ಬರ್ತೀನಿ. ಒಳ್ಳೇ ಜಾಗ, ಒಳ್ಳೇ ಊಟ. ಆ ದರಿದ್ರ ಹೋಟೆಲಿನ ನೆನಪೇ ಇರಬಾರದು, ಹಾಗೆ ಕರ್ಕೊಂಡು ಹೋಗ್ತೀನಿ."

"ಬೇಡ ಮಗಾ," ಎಂದರು ಮಾಮಿ. "ಆ ಹೋಟೆಲಿಗೆ ನೀನು ಇಷ್ಟು ಬೈಯ್ಬೇಡ. ಮದುವೆ ಆದಲ್ಲಿಂದ ಅವ್ರು ನನ್ನ ಬಗ್ಗೆ ಒಬ್ಬರ ಹತ್ರವಾದ್ರೂ ಜೋರು ಮಾತಾಡಿದ್ದು ಅಲ್ಲೇ. ನಾನು ಕುರ್ಚಿಯಲ್ಲಿ ಕೂತು ಪೂರಾ ಕೇಳಿದೆ."